ನಮ್ಮ ಅಂಗಳದಲ್ಲಿ ಐರಿಶ್ ಮಾಸ್

ಗಿಡ ಬೆಳೆಸುವ ವಿದ್ಯೆ ನನ್ನ ರಕ್ತದಲ್ಲೇ ಇದೆ ಎಂಬ ವಿಷಯ ನನಗೆ ಹೊಳೆದದ್ದು ಒಂದು ಮಧ್ಯಾಹ್ನ, ಮೂರು ಗಂಟೆಯ ಸುಮಾರಿಗೆ, ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಒರಗಿಕೊಂಡಿದ್ದಾಗ. ಅಲ್ಲಿಯವರೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಆಮೇಲೂ ಯಾರಿಗೂ ಗೊತ್ತಾಗಲಿಲ್ಲ!

ಶಿಕಾರಿಪುರದಲ್ಲಿ ಮೂರು ಗಂಟೆ ಗಿರಾಕಿ ಬರುವ ಹೊತ್ತಲ್ಲ. ಹಳ್ಳಿಯಿಂದ ಬಂದವರು ವಾಪಸು ಬಸ್ಸು ಹತ್ತಿರುತ್ತಾರೆ, ಊರಿನವರು ಉಂಡು ಅಡ್ಡಾಗಿರುತ್ತಾರೆ. ಫ್ಯಾನಿನ ಗಾಳಿಗೆ ತೂಗುಹಾಕಿದ ಸೀರೆಗಳ ಸೆರಗು ಅಲ್ಲಾಡುತ್ತಿರುತ್ತದೆ. ನಾನು ಕಣ್ಣು ಬಿಟ್ಟುಕೊಂಡೇ ಕನಸು ಕಾಣುವುದು ಆ ಹೊತ್ತಿನಲ್ಲಿ. ಅವತ್ತು ಫೋನಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ತಂಪು ದೇಶ. ಕಲ್ಲು ಹಾಸಿದ ದಾರಿ, ಕಲ್ಲು ಕಲ್ಲಿನ ನಡುವೆ ಹಸಿರು ಮಖಮಲ್ಲು, ಅದರ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಹೂವು. ಒಬ್ಬ ಹೆಂಗಸು ಅದರ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾಳೆ. ಅವಳಿಗೆ ಹೋಗಬೇಕಾದ ಊರಿಲ್ಲ, ಮಾಡಬೇಕಾದ ಅಡುಗೆಯಿಲ್ಲ. ಸುಮ್ಮನೆ ನಡೆಯುತ್ತಾಳೆ, ತಿರುಗಿ ಬರುತ್ತಾಳೆ. ಕೆಳಗೆ ‘ಐರಿಶ್ ಮಾಸ್’ ಎಂದು ಬರೆದಿತ್ತು. ಹೆಸರಿಗೆ ಮಾಸ್, ಅಂದರೆ ಹಾವಸೆ, ಪಾಚಿ; ಆದರೆ ನಿಜವಾಗಿ ನೆಲಕ್ಕಂಟಿ ಹಬ್ಬುವ ಒಂದು ಪುಟ್ಟ ಗಿಡವಂತೆ.

ಬಟ್ಟೆ ವ್ಯಾಪಾರಿಯ ಕಣ್ಣು ನನ್ನದು. ನಮ್ಮ ಅಂಗಳಕ್ಕೆ ಎಷ್ಟು ಮೀಟರ್ ಬೇಕಾಗುತ್ತದೆ ಎಂದು ಕೂತಲ್ಲೇ ಅಂದಾಜು ಮಾಡಿದೆ.

ವಿಡಿಯೋ ಮುಗಿಯಿತು, ಕನಸು ಮುಗಿಯಲಿಲ್ಲ. ಕನಸಿನಲ್ಲಿ ಆ ಹೆಂಗಸಿನ ಜಾಗದಲ್ಲಿ ನನ್ನ ಹೆಂಡತಿ ಗಿರಿಜಾ ನಡೆಯುತ್ತಿದ್ದಳು. ಅವಳ ಹಿಮ್ಮಡಿ ವರ್ಷದ ಹನ್ನೆರಡು ತಿಂಗಳೂ ಒಡೆದಿರುತ್ತದೆ. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಮಳೆಯಿಲ್ಲದ ದಿನ ಸಗಣಿ ಸಾರಿಸಿ, ಬಗ್ಗಿ ರಂಗೋಲಿ ಹಾಕಿಯೇ ಅವಳು ಒಲೆಯ ಕಡೆ ಹೋಗುವುದು. ಅವಳ ಕಾಲಡಿಗೆ ಒಂದು ಮೆತ್ತನೆಯ ಹಸಿರು ಹಾಸಬೇಕು ಎಂದು ನನಗೆ ಬಹಳ ಆಸೆಯಾಯಿತು. ಅದುವರೆಗೆ ನಾನು ಅವಳಿಗೆಂದು ಶುರುಮಾಡಿದ ಕೆಲಸಗಳು ಅನೇಕ. ಮುಗಿಸಿದ್ದು ನೆನಪಿಲ್ಲ.

ಆದರೆ ಒಂದು ಕಾನೂನಿನ ತೊಡಕಿತ್ತು. ನಮ್ಮ ಮನೆಯ ಖಾತೆ ನನ್ನ ಹೆಸರಿನಲ್ಲಿದ್ದರೂ ಅಂಗಳದ ಖಾತೆ ಗಿರಿಜಳದು. ಸದರಿ ಅಂಗಳದ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಗೇಟು, ಪಶ್ಚಿಮಕ್ಕೆ ಹೊಸ್ತಿಲು, ದಕ್ಷಿಣಕ್ಕೆ ಹಾಲೇಶಪ್ಪನವರ ಕಾಂಪೌಂಡು, ಉತ್ತರಕ್ಕೆ ಸೋರುವ ನಲ್ಲಿ. ಈ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ಗಿರಿಜಾ ಎರಡು ವರ್ಷದಿಂದ ಹೇಳುತ್ತಿದ್ದಳು, ನಾನು ಎರಡು ವರ್ಷದಿಂದ ನಾಳೆ ಎನ್ನುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಮಂಡಿಸಿ ವಿಡಿಯೋ ತೋರಿಸಿದೆ. ಗಿರಿಜಾ ಸೊರಬದ ಕಡೆಯವಳು, ಕುಪ್ಪಗಡ್ಡೆಯ ಮಗಳು. ಅವಳು ಪೂರ್ತಿ ನೋಡಿದಳು.

“ಹಾವಸೆಯನ್ನ ಯಾರಾದ್ರೂ ಪಾರ್ಸೆಲ್ ತರ್ಸ್ತಾರನ್ರಿ?” ಎಂದಳು. “ನಮ್ಮೂರಲ್ಲಿ ಮಳೆಗಾಲ ಬಂತು ಅಂದ್ರೆ ಅದನ್ನ ಕೆರೆದೂ ಕೆರೆದೂ ಕೈ ಬಿದ್ದು ಹೋಗ್ತಿತ್ತು.”

ಇದು ಹಾವಸೆಯಲ್ಲ, ಜಾರುವುದಿಲ್ಲ, ಹೂ ಬಿಡುತ್ತದೆ ಎಂದೆಲ್ಲ ವಿವರಿಸಿದೆ. ಅವಳ ಹಿಮ್ಮಡಿಯ ವಿಷಯವನ್ನೂ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಪ್ಪಿಕೊಂಡಳು. ಷರತ್ತು ಒಂದೇ. ದೀಪಾವಳಿಗೆ ನಮ್ಮಲ್ಲಿ ಸಗಣಿಯ ಪಾಂಡವರನ್ನು ಮಾಡಿ ಹೂವಿಟ್ಟು ಅಂಗಳದಲ್ಲಿ ಕೂರಿಸುತ್ತಾರೆ. ಆ ಹೊತ್ತಿಗೆ ಅಂಗಳ ಒಂದೋ ನಾನು ಹೇಳಿದ ಹಾಗೆ ಹಸಿರಾಗಿರಬೇಕು, ಇಲ್ಲವೋ ಮೊದಲಿನ ಹಾಗೆ ಅವಳ ಕೈಗೆ ಬರಬೇಕು. ಅಲ್ಲಿಯವರೆಗೆ ಅವಳ ರಂಗೋಲಿಗೆ ನಲ್ಲಿಯ ಪಕ್ಕದ ಮೊಳದಗಲದ ಜಾಗ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಅಷ್ಟು ದೊಡ್ಡ ಅಂಗಳದ ಒಡತಿ ಒಂದು ಮೊಳಕ್ಕೆ ಒಪ್ಪಿದ್ದು ದೊಡ್ಡ ಮಾತು. ನನಗೆ ಅವತ್ತು ಅದು ದೊಡ್ಡದೆನಿಸಲಿಲ್ಲ.

ಶ್ರಾವಣದಲ್ಲಿ ಮಳೆ ಸ್ವಲ್ಪ ಹಿಡಿದಾಗ ಅಂಗಳ ಅಗೆದೆ. ಇಪ್ಪತ್ತೆರಡು ವರ್ಷ ಸಾರಿಸಿ ಸಾರಿಸಿ ಗಟ್ಟಿಯಾದ ನೆಲ; ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತು. ಮೂರು ಭಾನುವಾರ ಬೇಕಾಯಿತು. ಹೊಸ್ತಿಲ ಮೆಟ್ಟಿಲವರೆಗೂ ಅಗೆದು, ಮನೆಗೆ ಬಂದವರು ಹಲಗೆಯ ಮೇಲೆ ನಡೆದು ಒಳಗೆ ಬರುವಂತೆ ಮಾಡಿದೆ. ಹಾಲೇಶಪ್ಪನವರು ಕಾಂಪೌಂಡಿನ ಆಚೆಯಿಂದ ದಿನಾ ನೋಡುತ್ತಿದ್ದರು. ಅವರದು ಊರ ಹೊರಗೆ ಹೊಲವಿದೆ, ಒಕ್ಕಲುತನ ಬಲ್ಲವರು. ಪೈಪು ಒಡೆದಿದೆಯೇ ಎಂದು ಮೊದಲ ಭಾನುವಾರ ಕೇಳಿದರು. ನಿಧಿಯೇ ಎಂದು ಎರಡನೆಯ ಭಾನುವಾರ ಕೇಳಿದರು. ಮೂರನೆಯ ಭಾನುವಾರ ಏನೂ ಕೇಳಲಿಲ್ಲ, ಗಿರಿಜಳನ್ನು ಕರೆದು ನನ್ನ ಆರೋಗ್ಯ ವಿಚಾರಿಸಿದರಂತೆ.

ಬೀಜದ ಪಾರ್ಸೆಲ್ ಬಂತು. ಬೀಜವೋ, ನಶ್ಯದ ಪುಡಿಯೋ! ಉಸಿರು ಬಿಟ್ಟರೆ ಹಾರುವಂಥದ್ದು. ನಾನು ಅಷ್ಟು ದಡ್ಡನಲ್ಲ. ಹೊರಗೆ ಗಾಳಿಯಿದೆ ಎಂದು ಪಡಸಾಲೆಯಲ್ಲಿ ಕಿಟಕಿ ಬಾಗಿಲು ಭದ್ರವಾಗಿ ಹಾಕಿಕೊಂಡು, ಚಾಪೆಯ ಮೇಲೆ ಕೂತು, ಉಸಿರು ಬಿಗಿಹಿಡಿದು ಪೊಟ್ಟಣ ಬಿಚ್ಚಿದೆ. ಕರೆಂಟು ಹೋಗಿತ್ತು. ಕಾಗದದ ಮೇಲೆ ಬೀಜ ಸುರಿದೆ. ಕರೆಂಟು ಬಂತು.

ತಲೆಯ ಮೇಲಿನ ಫ್ಯಾನು ಐದರಲ್ಲಿತ್ತು.

ಆದರೆ ಹೆದರುವ ಜಾಯಮಾನ ನನ್ನದಲ್ಲ. ಬೀಜ ಎಲ್ಲಿ ಹೋಗುತ್ತದೆ, ಪಡಸಾಲೆಯಲ್ಲೇ ಇರಬೇಕು. ಪಡಸಾಲೆಯನ್ನೂ, ಅದಕ್ಕೆ ಹೊಂದಿದ ಅಡುಗೆಮನೆಯನ್ನೂ ಮೂಲೆ ಬಿಡದೆ ಗುಡಿಸಿ, ಸಿಕ್ಕಿದ ಧೂಳನ್ನೆಲ್ಲ ಮೊರದಲ್ಲಿ ತುಂಬಿ, ಮರಳು ಬೆರೆಸಿ, ಅಂಗಳಕ್ಕೆ ಬಿತ್ತಿದೆ. ಮನೆ ಅಷ್ಟು ಚೊಕ್ಕಟವಾಗಿ ಗುಡಿಸಿದ್ದಕ್ಕೆ ಗಿರಿಜಾ ಸಂತೋಷಪಟ್ಟಳು. ಕಾರಣ ಹೇಳಲಿಲ್ಲ.

ಐದನೆಯ ದಿನಕ್ಕೆ ಮೊಳಕೆ ಬಂತು! ಪುಟ್ಟ ಪುಟ್ಟ ಎರಡೆಲೆಯ ಹಸಿರು. ನನ್ನ ಕಣ್ಣು ಒದ್ದೆಯಾಯಿತು. ಎರಡು ದಿನ ಅಂಗಡಿ ತಡವಾಗಿ ತೆಗೆದೆ. ಬೆಳಗಿನ ಬಿಸಿಲು ಗೇಟು ದಾಟಿ ಆ ಎಲೆಗಳ ಮೇಲೆ ಬೀಳುವಾಗ ಮೆಟ್ಟಿಲ ಮೇಲೆ ಕೂತಿದ್ದರೆ ಎದ್ದು ಹೋಗಲು ಮನಸ್ಸೇ ಬರುತ್ತಿರಲಿಲ್ಲ. ವಾರ ತುಂಬಿದಾಗ ಹಾಲೇಶಪ್ಪನವರನ್ನು ಕರೆದು ತೋರಿಸಿ, ಇದು ಐರ್ಲೆಂಡಿನದು ಎಂದೆ. ಅವರು ಗೌರವದಿಂದ ಚಪ್ಪಲಿ ಬಿಟ್ಟು ನಿಂತರು. ಅಷ್ಟರಲ್ಲಿ ಗಿರಿಜಾ ಬಂದು ಬಗ್ಗಿ ಒಂದು ಎಲೆ ಚಿವುಟಿ ಮೂಸಿದಳು.

“ಇದು ಮೆಂತ್ಯ,” ಎಂದಳು. ಇನ್ನೊಂದನ್ನು ಚಿವುಟಿದಳು. “ಇದು ಸಾಸಿವೆ. ಮೊನ್ನೆ ಒಗ್ಗರಣೆ ಡಬ್ಬಿ ಬಿದ್ದಿತ್ತಲ್ಲ, ಅದೇ ಇರ್ಬೇಕು.” ಆಮೇಲೆ ಮಣ್ಣಿನಲ್ಲಿ ಏನೋ ಮಿನುಗಿದ್ದು ಕಂಡು ಹೆಕ್ಕಿ ಸೆರಗಿಗೆ ಒರೆಸಿಕೊಂಡಳು. “ಅಯ್ಯ, ನನ್ನ ಓಲೆ ತಿರುಪು.”

ಅವತ್ತು ರಾತ್ರಿ ಮೆಂತ್ಯದ ಪಲ್ಯ. ತುಂಬ ರುಚಿಯಾಗಿತ್ತು. ದುಃಖದಲ್ಲೂ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಈ ಸಲ ಬೀಜ ಬೇಡ ಎಂದು ಸಸಿಯನ್ನೇ ತರಿಸಿದೆ. ಪೆಟ್ಟಿಗೆಯಲ್ಲಿ ಆರು ಬಂದವು. ಮೂರು ದಾರಿಯಲ್ಲೇ ತೀರಿಕೊಂಡಿದ್ದವು. ಉಳಿದ ಮೂರನ್ನು ಅಂಗಳದ ನಡುವೆ ನೆಟ್ಟು, ಸುತ್ತ ಕಲ್ಲಿಟ್ಟು, ಬಿಸಿಲು ತಾಗದಂತೆ ಅಂಗಡಿಯ ದೊಡ್ಡ ಕರೀ ಛತ್ರಿಯನ್ನು ನೆಲಕ್ಕೆ ಊರಿದೆ. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಛತ್ರಿಯ ಕೆಳಗೆ ಯಾರಿದ್ದಾರೆ ಎಂದು ಬಗ್ಗಿ ನೋಡುತ್ತಿದ್ದರು. ನಾನು ಮಾತ್ರ ದಿನಾ ಸಂಜೆ ಅಂಗಡಿಯಿಂದ ಬಂದು, ಕೈಯಲ್ಲಿ ಅದ್ದಿ ಅದ್ದಿ ನೀರು ಚಿಮುಕಿಸಿ, ಪಕ್ಕದಲ್ಲೇ ಕೂತು ಬಿಡುತ್ತಿದ್ದೆ. ಗುಡವಿಯ ಪಕ್ಷಿಧಾಮದ ಕಡೆ ಹೋಗುವ ಹಕ್ಕಿಗಳೋ ಏನೋ, ಸಾಲಾಗಿ ಮೇಲೆ ಹಾರುತ್ತಿದ್ದವು. ಅವು ಮೇಲಿನಿಂದ ನೋಡಿದರೆ ನಮ್ಮ ಅಂಗಳ ಹೇಗೆ ಕಾಣಬಹುದು ಎಂದು ಯೋಚಿಸುತ್ತ ಕೂತರೆ ಕತ್ತಲಾದದ್ದೇ ತಿಳಿಯುತ್ತಿರಲಿಲ್ಲ.

ಮಹಾನವಮಿಯ ಹೊತ್ತಿಗೆ ಮೂರೂ ಸಸಿ ಒಂದೊಂದು ಹಪ್ಪಳದಷ್ಟು ಅಗಲವಾದವು. ಒಂದು ಸಂಜೆ ಅದರಲ್ಲಿ ಒಂದು ಹೂವು ಕಂಡಿತು. ಒಂದೇ ಒಂದು, ಸೂಜಿಯ ತಲೆಯಷ್ಟು, ಬೆಳ್ಳಗೆ. ನಾನು ಗಿರಿಜಳನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಚಪ್ಪಲಿ ಬಿಟ್ಟು ಕಾಲಿಡು ಎಂದೆ. ಕಾಲಿಡುವಷ್ಟು ಜಾಗ ಎಲ್ಲಿತ್ತು! ಅವಳು ಹೂವು ತಪ್ಪಿಸಿ ಹೆಬ್ಬೆರಳು ಒಂದನ್ನು ಮಾತ್ರ ಮೆಲ್ಲಗೆ ಅದರ ಮೇಲೆ ಇಟ್ಟಳು. ಇಟ್ಟು ಹಾಗೇ ನಿಂತಳು.

“ಮೆತ್ತಗಿದೆ,” ಎಂದಳು.

ಆ ಒಂದು ಮಾತಿಗೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತಿಗೆ ನಾನು ಕೈ ಕಟ್ಟಿ ಕೂತಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ದೀಪಾವಳಿ ಹತ್ತಿರವಾಗುತ್ತಿತ್ತು. ಮೂರು ಹಪ್ಪಳದಿಂದ ಅಂಗಳ ತುಂಬುವುದು ಹೇಗೆ? ಹಾಲೇಶಪ್ಪನವರ ಸಲಹೆ ಕೇಳಿದೆ. ಅವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನೆಲವನ್ನು ನೋಡಿದರು.

“ಸಾವ್ಕಾರ್ರೆ, ನೆಲದಾಗೆ ಸತ್ವ ಇಲ್ರಿ,” ಎಂದರು. “ನಾವು ಹೊಲಕ್ಕೆ ಏನ್ ಮಾಡ್ತೀವಿ? ಕುರಿ ನಿಲ್ಲಿಸ್ತೀವಿ. ಒಂದ್ಸಲ ಹಿಂಡು ನಿಂತು ಹೋತು ಅಂದ್ರೆ ಮೂರು ವರ್ಷ ಗೊಬ್ಬರದ ಮಾತೇ ಇಲ್ರಿ.”

ನಮ್ಮ ಕಡೆ ಇದು ಹಳೆಯ ಪದ್ಧತಿ. ಕೊಯ್ಲು ಮುಗಿದ ಮೇಲೆ ಕುರಿಯವರಿಗೆ ಹೇಳಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ, ಗಂಜಲ ಬಿದ್ದು ನೆಲ ಹದವಾಗುತ್ತದೆ. ಹಿಂಡು ನಿಲ್ಲಿಸುವುದು ಬೆಳೆಯಿಲ್ಲದ ಬರೀ ಹೊಲದಲ್ಲಿ ಎಂಬ ಮಾತನ್ನು ಹಾಲೇಶಪ್ಪನವರು ಹೇಳಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾದ ಗಂಡಸು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇದ್ದೆ.

ಗಿರಿಜಾ ಎರಡು ದಿನದ ಮಟ್ಟಿಗೆ ತವರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಕೆಲಸ ಮುಗಿಸಿ ಬೆರಗುಗೊಳಿಸಬೇಕೆಂದು ತೀರ್ಮಾನಿಸಿದೆ. ತೊಗರ್ಸಿ ಕಡೆಯ ಬೀರಪ್ಪ ಎಂಬ ಕುರಿಗಾರ ನಮ್ಮ ಅಂಗಡಿಗೆ ಪಂಚೆ ಕೊಳ್ಳಲು ಬರುವವನು. ಅವನ ಹಿಂಡು ಊರ ಹತ್ತಿರವೇ ಇತ್ತು. ಜಾಗದಲ್ಲಿ ಬೆಳೆ ಏನಾದರೂ ನಿಂತಿದೆಯೇ ಎಂದು ಅವನು ಕ್ರಮಪ್ರಕಾರ ವಿಚಾರಿಸಿದ. ಬೆಳೆ ಇಲ್ಲ ಎಂದೆ. ಸುಳ್ಳಲ್ಲ. ಐರಿಶ್ ಮಾಸನ್ನು ಯಾರೂ ಪಹಣಿಯಲ್ಲಿ ಬೆಳೆ ಎಂದು ಬರೆಸುವುದಿಲ್ಲ!

ಭಾನುವಾರ ಬೆಳಿಗ್ಗೆ ಕುರಿ ಬಂದವು. ಗೇಟಿನಲ್ಲಿ ಒಂದು ನುಗ್ಗಿದ್ದೇ ತಡ, ಮೂವತ್ತು ನಲವತ್ತು ಒಂದರ ಹಿಂದೆ ಒಂದು ನುಗ್ಗಿದವು. ಅಂಗಳದಲ್ಲಿ ನೆಲವೇ ಕಾಣದಾಯಿತು. ಸಂಜೆಯವರೆಗೆ ಇರಲಿ ಎಂದು ಹೇಳಿ, ಬೀರಪ್ಪನಿಗೆ ಚಹಾ ಕೊಟ್ಟು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಕುರಿಗಳ ಮೈಯ ಬಿಸುಪು, ಉಣ್ಣೆಯ ವಾಸನೆ, ಒಂದೇ ಸಮನೆ ಮುಕ್ಕುವ ಸದ್ದು. ಯಾವಾಗ ಜೊಂಪು ಹತ್ತಿತೋ ತಿಳಿಯದು. ಕನಸಿನಲ್ಲಿ ಐರ್ಲೆಂಡು ಕಂಡಿತು. ಮಂಜು ಮುಸುಕಿದ ಹಸಿರು ಗುಡ್ಡ, ಗುಡ್ಡದ ತುಂಬ ಬೆಳ್ಳನೆಯ ಕುರಿ. ಅಲ್ಲಿ ಕುರಿಯೂ ಇದೆ, ಮಾಸೂ ಇದೆ. ಎರಡೂ ಕೂಡಿ ಬಾಳುತ್ತಿವೆ. ಎಂಥ ದೇಶ ಎಂದುಕೊಂಡೆ. ಮಂಜಿನ ಆಚೆಯಿಂದ ಯಾರೋ ನನ್ನನ್ನು ಕರೆದರು.

ಕಣ್ಣು ಬಿಟ್ಟರೆ ಗೇಟಿನಲ್ಲಿ ಗಿರಿಜಾ ನಿಂತಿದ್ದಳು. ಸೊರಬದ ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟಿದ್ದಳು, ಕೈಯಲ್ಲಿ ತವರಿನ ಚೀಲ. ಅವಳಿಗೂ ನನಗೂ ನಡುವೆ ನಲವತ್ತು ಕುರಿ. ಛತ್ರಿ ಒಂದು ಟಗರಿನ ಕೊಂಬಿಗೆ ಸಿಕ್ಕಿಕೊಂಡು ಅಂಗಳದ ಸುತ್ತ ಮೆರವಣಿಗೆ ಹೋಗುತ್ತಿತ್ತು. ಬೀರಪ್ಪ ಹಿಂಡನ್ನು ಹೊರಡಿಸಿದ ಮೇಲೆ ನೋಡಿದರೆ ಕಲ್ಲುಗಳು ಇದ್ದವು, ಕಲ್ಲುಗಳ ನಡುವೆ ಏನೂ ಇರಲಿಲ್ಲ. ಗೇಟಿನ ಪಕ್ಕದಲ್ಲಿದ್ದ ದಾಸವಾಳದ ಗಿಡ ಬರೀ ಕಡ್ಡಿಯಾಗಿತ್ತು. ನೆಲದ ತುಂಬ ಗೊರಸಿನ ಗುಳಿ, ಗುಳಿಯ ತುಂಬ ಹಿಕ್ಕೆ.

“ಹಸಿರು ಇತ್ತಲ್ರಿ, ಹೇಳೋದಲ್ವಾ,” ಎಂದ ಬೀರಪ್ಪ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಆಮೇಲೆ ಸಮಾಧಾನ ಹೇಳಿದ. “ಇರ್ಲಿ ಬಿಡ್ರಿ. ಗೊಬ್ಬರ ಚಲೋ ಬಿದ್ದೈತಿ. ಇನ್ನ ಬಿತ್ತಬಹುದು.”

ಗಿರಿಜಾ ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಕಲ್ಲುಗಳ ಹತ್ತಿರ ಹೋಗಿ, ಅವತ್ತು ಹೆಬ್ಬೆರಳು ಇಟ್ಟಿದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

“ದೀಪಾವಳಿಗೆ ಹನ್ನೊಂದು ದಿನ ಇದೆ,” ಎಂದಳು. ಅಷ್ಟೇ. ಬಯ್ದಿದ್ದರೆ ಒಳ್ಳೆಯದಿತ್ತು.

ಆ ಹನ್ನೊಂದು ದಿನದಲ್ಲಿ ನಾನು ಕಲಿತ ವಿದ್ಯೆ ಇದು: ಅಂಗಳ ತಾನಾಗಿ ಇರುವುದಿಲ್ಲ, ಅದನ್ನು ಮಾಡಬೇಕು. ಹಿಕ್ಕೆ ಬಳಿದು, ಕೆಮ್ಮಣ್ಣು ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು, ಒಣಗಿಸಿ, ಬಿರುಕು ಮುಚ್ಚಿ, ಮತ್ತೆ ಬಡಿದು, ಆಮೇಲೆ ಸಗಣಿ. ಗಿರಿಜಾ ತೋರಿಸಿದಳು, ನಾನು ಬಡಿದೆ. ಎರಡು ಅಂಗೈಯಲ್ಲೂ ಬೊಬ್ಬೆ ಬಂತು. ಇಪ್ಪತ್ತೆರಡು ವರ್ಷ ನಾನು ಚಪ್ಪಲಿ ಹಾಕಿಕೊಂಡು ತುಳಿದು ಹೋದದ್ದು ಅವಳ ಇಂಥ ಸಾವಿರಾರು ಬೆಳಗುಗಳನ್ನು ಎಂದು ಹೊಳೆದಾಗ ನನಗೆ ನಾಚಿಕೆಯಾಯಿತು. ಹೇಳೋಣವೆಂದುಕೊಂಡೆ. ಹೇಳಲು ಬಾಯಿ ಬರಲಿಲ್ಲ.

ಬಾಯಿ ಬಾರದವನು ಕೈಯಲ್ಲಾದರೂ ತೋರಿಸಬೇಕಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಪ್ಲಂಬರನ್ನು ಕರೆಸಿ ನಲ್ಲಿ ರಿಪೇರಿ ಮಾಡಿಸಿಬಿಟ್ಟೆ! ಐದು ನಿಮಿಷದ ಕೆಲಸ. ಎರಡು ವರ್ಷದ ತೊಟ್ಟು ನಿಂತಿತು. ನಲ್ಲಿಯ ಕೆಳಗಿನ ಜಾಗ ಒಣಗಿ ಚೊಕ್ಕವಾಯಿತು. ಹಿಂದೆಂದೂ ಒಂದು ಕೆಲಸ ಇಷ್ಟು ನೆಟ್ಟಗೆ ಮುಗಿಸಿರಲಿಲ್ಲ ನಾನು.

ಹಬ್ಬದ ದಿನ ಪಾಂಡವರು ಹೊಸ ಅಂಗಳದಲ್ಲಿ ಚೆಂಡುಹೂ ಮುಡಿದು ಕೂತರು. ನಾನು ಬಡಿದಿದ್ದ ಭಾಗದಲ್ಲಿ ನೆಲ ಸ್ವಲ್ಪ ತಗ್ಗಾಗಿತ್ತು; ಅಲ್ಲಿ ಕೂತಿದ್ದ ಒಬ್ಬರು ಮಧ್ಯಾಹ್ನದ ಹೊತ್ತಿಗೆ ವಾಲಿದರು. ತೂಕ ನೋಡಿದರೆ ಭೀಮನೇ ಇರಬೇಕು. ಗಿರಿಜಾ ಹೊಸ್ತಿಲಿನಿಂದ ಗೇಟಿನವರೆಗೆ ರಂಗೋಲಿ ಹಾಕಿದ್ದಳು. ಅಂಗಳ ಅವಳ ಕೈಗೆ ವಾಪಸು ಬಂದಿತ್ತು, ಮಾತು ಉಳಿದಿತ್ತು. ನನ್ನ ಕಥೆ ಇಲ್ಲಿಗೆ ಮುಗಿದಿದ್ದರೆ ಮರ್ಯಾದೆಯಿಂದ ಮುಗಿದಂತಾಗುತ್ತಿತ್ತು.

ಹಬ್ಬ ಕಳೆದು ವಾರವಾಗಿರಬಹುದು. ಬೆಳಿಗ್ಗೆ ಎದ್ದು ಬಂದರೆ ಗಿರಿಜಾ ರಂಗೋಲಿ ಬಟ್ಟಲು ಹಿಡಿದು ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಅಷ್ಟು ದೊಡ್ಡ ಅಂಗಳ ಬಿಟ್ಟು ಇಲ್ಲೇಕೆ ಎಂದು ಕೇಳಿದೆ. ಅವಳು ಒಣಗಿದ ನೆಲವನ್ನು ಬೆರಳಿನಿಂದ ಸವರಿ ತೋರಿಸಿದಳು. ಅಂಗೈಯಗಲದ ಕಂದು ಹಕ್ಕಳೆ ಪುಡಿಯಾಗಿ ಉದುರಿತು.

“ಇಲ್ಲಿ ಇತ್ತು ಕಣ್ರಿ,” ಎಂದಳು. “ನೀವು ಅಲ್ಲಿ ಛತ್ರಿ ಹಿಡಿತಿದ್ರಲ್ಲ, ಆವಾಗೆಲ್ಲ ಇಲ್ಲಿ ತಾನೇ ತಾನಾಗಿ ಬೆಳ್ಕಂಡಿತ್ತು. ಹಸ್ರು ಅಂದ್ರೆ ಹಸ್ರು. ನಲ್ಲಿ ಬುಡದಲ್ಲಿ ಇತ್ತಲ್ಲ, ಕುರಿನೂ ಮುಟ್ಟಿರ್ಲಿಲ್ಲ. ನಾ ದಿನಾ ಅದ್ರ ಸುತ್ತ ಚುಕ್ಕಿ ಇಟ್ಟು ರಂಗೋಲಿ ಹಾಕ್ತಿದ್ದೆ.”

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿಮ್ದು ಬರಕಿಂತ ಮುಂಚೆ ಇದು ಬಂದಿದ್ದಕ್ಕೆ ನೀವು ಬೇಜಾರು ಮಾಡ್ಕತೀರಿ ಅಂತ,” ಎಂದಳು. ಉದುರಿದ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತ, “ಇದೂ ಮೆತ್ತಗೇ ಇತ್ತು,” ಎಂದಳು.

ಮೂರು ತಿಂಗಳು ನಾನು ಐರ್ಲೆಂಡನ್ನು ಕರೆದುಕೊಂಡು ಬರಲು ಅಗೆದೆ, ಗುಡಿಸಿದೆ, ಛತ್ರಿ ಹಿಡಿದೆ, ಕುರಿ ನಿಲ್ಲಿಸಿದೆ. ಅದೇ ಮೂರು ತಿಂಗಳು ನಮ್ಮೂರಿನ ಬಡ ಹಾವಸೆ, ನಾನು ಮಾಡದೆ ಬಿಟ್ಟ ಒಂದೇ ಒಂದು ಕೆಲಸದ ಕೆಳಗೆ, ನನ್ನ ಹೆಂಡತಿಗೆ ಬೇಕಾದದ್ದನ್ನು ಬೆಳೆಸಿ ಕೊಟ್ಟಿತ್ತು. ಹುಟ್ಟಾ ಸೋಮಾರಿಯಾದ ನಾನು ಜನ್ಮದಲ್ಲಿ ಒಮ್ಮೆ ಚುರುಕಾಗಿ ಅದನ್ನೂ ಒಣಗಿಸಿದ್ದೆ.

ಅವತ್ತು ಅವಳು ಸಂತೆಗೆ ಹೋದಾಗ ನಟ್ಟು ಬಿಚ್ಚುವ ಪಾನಾ ತಂದು ನಲ್ಲಿಯ ಮುಂದೆ ಕೂತೆ. ಸರಿ ಮಾಡಲು ಐದು ನಿಮಿಷ ಸಾಕಾಗಿತ್ತು, ಕೆಡಿಸಲು ನನಗೆ ಎರಡು ದಿನ ಹಿಡಿಯಿತು. ಮೊದಲು ಪೂರಾ ಬಿಗಿಯಿತು, ಆಮೇಲೆ ಬುಗ್ಗೆಯಾಗಿ ಮುಖಕ್ಕೆ ಹಾರಿತು. ಕೊನೆಗೆ ಎರಡನೆಯ ದಿನ ಸಂಜೆ ಹಳೆಯ ತಾಳಕ್ಕೆ ಬಂತು: ಟಪ್, ಸ್ವಲ್ಪ ಯೋಚನೆ, ಟಪ್. ಹಾಲೇಶಪ್ಪನವರು ಕಾಂಪೌಂಡಿನ ಆಚೆಯಿಂದ ನಲ್ಲಿ ಮತ್ತೆ ಸೋರುತ್ತಿದೆಯಲ್ಲ ಎಂದರು. ಸೋರಲಿ ಬಿಡಿ ಎಂದೆ. ಅವರು ಮತ್ತೆ ಗಿರಿಜಳನ್ನು ಕರೆದು ನನ್ನ ಆರೋಗ್ಯ ವಿಚಾರಿಸಿದರು.

ಈಗ ನಲ್ಲಿಯ ಕೆಳಗೆ ಬೆರಳಲ್ಲಿ ಒತ್ತಿದಷ್ಟು ಅಗಲದ ಹಸಿರು ಮತ್ತೆ ಕಾಣಿಸಿದೆ. ಗಿರಿಜಾ ಮೊನ್ನೆ ಅದರ ಸುತ್ತ ಐದು ಚುಕ್ಕಿ ಇಟ್ಟಳು. ಇಟ್ಟು, ನನ್ನ ಕಡೆ ತಿರುಗಿ ಕಟ್ಟಪ್ಪಣೆ ಮಾಡಿದಳು.

“ಇದಕ್ಕೆ ನೀವು ಏನೂ ಮಾಡಬಾರ್ದು. ನೀರು ಬೇಡ, ಗೊಬ್ಬರ ಬೇಡ, ಛತ್ರಿ ಬೇಡ. ಏನೂ ಬೇಡ.”

ನನ್ನ ಯೋಗ್ಯತೆಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿದೆ. ದಿನಾ ಸಂಜೆ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ನಲ್ಲಿಯ ಪಕ್ಕ ಕೂತು, ಒಂದು ದಿನವೂ ತಪ್ಪಿಸದೆ, ಏನೂ ಮಾಡುವುದಿಲ್ಲ.